ಹುಳು ಹಣ್ಣಾಗುವವರೆಗೆ

ಜೂನ್ 3, ಮಂಗಳವಾರ

ನೋವು ಯಾವ ದಿನ ಬಂತು, ಎಷ್ಟು ಹೊತ್ತಿತ್ತು, ಏನು ತಿಂದಿದ್ದಿರಿ, ಎಲ್ಲ ಬರೆದಿಡಿ ಅಂದರು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ. ಬರೆಯಲು ಮನೆಯಲ್ಲಿ ಸಿಕ್ಕಿದ್ದು ರೇಷ್ಮೆ ಇಲಾಖೆಯವರು ಕೊಟ್ಟ ಈ ಪುಸ್ತಕ. ಮುಂದಿನ ಹಾಳೆಗಳಲ್ಲಿ ಹುಳುಮನೆಯ ಶಾಖ, ಸೊಪ್ಪು ಹಾಕಿದ ಹೊತ್ತು. ಹಿಂದಿನಿಂದ ನನ್ನ ಹೊಟ್ಟೆಯ ವಿಚಾರ. ಹುಳುಗಳಿಗೆ ಇರುವಷ್ಟು ಉಪಚಾರ ನನಗೂ ಇರಲಿ.

ಬೆಳಿಗ್ಗೆ ಆರಕ್ಕೆ, ಬಲಪಕ್ಕೆ. ಬೆನ್ನಿಗೆ ಹೊಡೆಯಿತು. ಒಂದೂವರೆ ಗಂಟೆ. ಹಿಂದಿನ ದಿನ ಮುದ್ದೆ, ಹುರುಳಿ ಸಾರು.

ಸ್ಕ್ಯಾನ್ ಮಾಡಿದರು. ಪಿತ್ತ ಹರಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆಯಂತೆ. ಬಾಯಿಂದ ಪೈಪು ಬಿಟ್ಟು ತೆಗೆಯಬೇಕು, ಅದಕ್ಕೆ ಗ್ಯಾಸ್ಟ್ರೋ ಡಾಕ್ಟರೇ ಬೇಕು, ಆಯುಷ್ಮಾನ್ ಕಾರ್ಡ್ ನಡೆಯುವ ಕಡೆ ಹುಡುಕಿಕೊಂಡು ಬೇಗ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಚೀಟಿಯಲ್ಲಿ ಹೆಸರು ಮುನಿಲಕ್ಷ್ಮಿ, ಗಂಡ ಉಮಾಶಂಕರ್, ಸುಗಟೂರು.

ಮುನಿಲಕ್ಷ್ಮಿ ನಮ್ಮಕ್ಕ. ಸತ್ತು ಹದಿನೇಳು ವರ್ಷವಾಯಿತು. ನಾನು ಆಶಾರಾಣಿ. ಅಕ್ಕ ಹೋದ ಆರು ತಿಂಗಳಿಗೆ, ಎರಡು ವರ್ಷದ ಚಂದನಳನ್ನು ಯಾರು ನೋಡಿಕೊಳ್ಳಬೇಕು ಅಂತ ನನ್ನನ್ನೇ ಭಾವನಿಗೆ ಕಟ್ಟಿದರು. ರೇಷನ್ ಕಾರ್ಡಿನಲ್ಲಿ ಅಕ್ಕನ ಹೆಸರು ತೆಗೆಸಿ ನನ್ನದು ಸೇರಿಸಬೇಕಿತ್ತು. ಅತ್ತೆ ಬಚ್ಚಮ್ಮನವರು, “ಒಂದು ತೆಗ್ಸು, ಒಂದು ಹಾಕ್ಸು, ಯಾಕ್ ಅಲೀತೀರಾ? ಮನೇಲಿ ಒಬ್ಳು ಸೊಸೆ, ಕಾರ್ಡಲ್ಲೂ ಒಬ್ಳು ಇದಾಳೆ, ಬಿಡಿ” ಅಂದರು. ಆಮೇಲೆ ಆ ಕಾರ್ಡನ್ನೇ ತೋರಿಸಿ ಆಧಾರ್ ಮಾಡಿಸಿದರು. ಮುಖ ನನ್ನದು, ಹೆಬ್ಬೆಟ್ಟು ನನ್ನದು, ಹೆಸರು ಅವಳದು. ಓಟು ಹಾಕುವವಳೂ ಅವಳೇ. ಸಾವನ್ನು ಯಾರೂ ಎಲ್ಲೂ ಬರೆಸಲಿಲ್ಲ. ನಾನು ಇದ್ದೇನೆ ಅನ್ನುವುದಕ್ಕೆ ಟ್ರಂಕಿನಲ್ಲಿ ಒಂದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿದೆ, ಅದರಲ್ಲೂ ಅರ್ಧ ಇಲಿ ತಿಂದಿದೆ.

ಮದುವೆಯಾಗಿ ಇಷ್ಟು ವರ್ಷವಾದರೂ ಇವರನ್ನು ಕರೆಯುವಾಗ ಬಾಯಿಗೆ ಬರುವುದು ‘ಭಾವ’ ಅಂತಲೇ.

ಜೂನ್ 5, ಗುರುವಾರ

ಕೋಲಾರದಲ್ಲಿ ಮೂರು ಕಡೆ ಹತ್ತಿ ಇಳಿದೆವು, ನಾನೂ ಭಾವನೂ. ಮೊದಲನೆಯ ನರ್ಸಿಂಗ್ ಹೋಮಿಗೆ ಗ್ಯಾಸ್ಟ್ರೋ ಡಾಕ್ಟರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಾರೆ. ಮಧ್ಯಾಹ್ನದವರೆಗೆ ಕೂರಿಸಿಕೊಂಡು ಆಮೇಲೆ ಕೌಂಟರಿನ ಹುಡುಗಿ, “ಕಾರ್ಡಾ? ಅದು ಇಲ್ಲಿ ನಡಿಯಲ್ಲ ಆಂಟಿ” ಅಂದಳು. ಎರಡನೆಯ ಕಡೆ ಕಾರ್ಡ್ ನಡೆಯುತ್ತದೆ, ಆ ಡಾಕ್ಟರಿಲ್ಲ. ಮೂರನೆಯ ಕಡೆ ಡಾಕ್ಟರಿದ್ದಾರೆ, ಕಾರ್ಡಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಮೊದಲನೆಯ ಕಡೆ ‘ಮುನಿಲಕ್ಷ್ಮಿ’ ಅಂತ ಕೂಗಿದಾಗ ನಾನು ಏಳಲಿಲ್ಲ. ಪಕ್ಕದಲ್ಲಿ ಭಾವ ಎದ್ದರು. ಎದ್ದವರು ನನ್ನ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದರು. ಒಂದು ಕ್ಷಣ ಅಷ್ಟೇ.

ನೋವು ಎರಡು ಸಲ. ಏನೂ ತಿಂದಿರಲಿಲ್ಲ.

ಜೂನ್ 9, ಸೋಮವಾರ

ಮುಳಬಾಗಿಲು. ಗೇಟಿನ ಮೇಲೇ ದೊಡ್ಡ ಬೋರ್ಡು, ಇಲ್ಲಿ ಆಯುಷ್ಮಾನ್ ಸೌಲಭ್ಯವಿದೆ ಅಂತ. ಒಳಗಿದ್ದವನು, “ಅದು ಮೂಳೆಗೆ, ಡಯಾಲಿಸಿಸ್‌ಗೆ ಮಾತ್ರ ಅಮ್ಮ” ಅಂದ.

“ಹಂಗಾದ್ರೆ ಕಾಲು ಮುರ್ಕೊಂಡು ಬರ್ಲಾ?” ಅಂದೆ. ಸಾಲಿನಲ್ಲಿದ್ದವರು ನಕ್ಕರು, ಅವನೂ ನಕ್ಕ. ನಗಿಸುವುದಕ್ಕೆ ಅಷ್ಟು ದೂರ ಹೋದ ಹಾಗಾಯಿತು.

ಕಣ್ಣು ಹಳದಿಯಾಗಿದೆ ಅಂತ ಚಂದನ ಹೇಳಿದಳು. ಮೈಯೆಲ್ಲ ತುರಿಕೆ. ಸೊಪ್ಪು ಕೊಯ್ಯುವ ಕುಡುಗೋಲಿನ ಹಿಡಿಯಿಂದ ಬೆನ್ನು ಕೆರೆದುಕೊಂಡೆ.

ಇವತ್ತು ಹೆಸರು ಕೂಗಿದಾಗ ಎರಡನೇ ಸಲಕ್ಕೆ ಎದ್ದೆ.

ಜೂನ್ 12, ಗುರುವಾರ

ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿದ ಮರಿಗಳು, ಬಂದವು. ಎರಡು ಜ್ವರ ಮುಗಿಸಿದವು, ಇನ್ನೆರಡು ನಮ್ಮ ಮನೆಯಲ್ಲಿ. ಒಂದೊಂದು ಸಲ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ, ಅದಕ್ಕೇ ಜ್ವರ ಅನ್ನುತ್ತೇವೆ. ಈ ಬೆಳೆ ಬೇಡ ಅಂದೆ. ಭಾವ ಕೇಳಲಿಲ್ಲ. ಮರಿಗಳಿಗೆ ಮುಂಗಡ ಕೊಟ್ಟು ಆಗಿತ್ತು.

ಜೂನ್ 16, ಸೋಮವಾರ

ಅತ್ತೆ ನನ್ನನ್ನು ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರ ಹತ್ತಿರ ಅಲ್ಲ, ಶಾಸ್ತ್ರ ಹೇಳುವ ಶ್ಯಾಮಲಮ್ಮ ಅನ್ನುವ ಮುದುಕಿಯ ಹತ್ತಿರ. ರಸ್ತೆಯುದ್ದಕ್ಕೂ ಮಾವಿನ ಮಂಡಿಗಳು, ಕೊಳೆತ ಹಣ್ಣಿನ ವಾಸನೆಗೆ ಎರಡು ಸಲ ವಾಂತಿ ಮಾಡಿಕೊಂಡೆ.

ಅತ್ತೆಯ ಪ್ರಕಾರ ಇದು ಕಲ್ಲಲ್ಲ, ಅಕ್ಕನ ಕೋಪ. ಎರಡನೇ ಹೆಂಡತಿ ಆದವಳು ಸತ್ತ ಸವತಿಯನ್ನು ಕೊರಳಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ನನ್ನ ತಾಳಿಯ ಪಕ್ಕದಲ್ಲೇ ಅವಳದೊಂದು ಸವತಿ ತಾಳಿ ಇದೆ. ಬೆರಳುಗುರಿನಷ್ಟು ಬಂಗಾರದ ಬಿಲ್ಲೆ, ಮೇಲೆ ಹೆಣ್ಣಿನ ಆಕಾರ ಕೊರೆದಿದೆ. ಹೊಸ ಸೀರೆ ತಂದರೆ ಮೊದಲು ಅದರ ಮುಂದೆ ಇಡಬೇಕು. ಹಬ್ಬದಲ್ಲಿ ಮೊದಲ ತುತ್ತು ಅದಕ್ಕೆ. ಹದಿನೇಳು ವರ್ಷದಲ್ಲಿ ಒಂದು ದಿನವೂ ಕೊರಳಿಂದ ಇಳಿಸಿಲ್ಲ. ಇಷ್ಟು ಮಾಡಿಸಿಕೊಂಡೂ ಕೋಪವೇ ಅಂತ ನಾನು ಕೇಳಬಹುದಿತ್ತು.

ಶ್ಯಾಮಲಮ್ಮ ನನ್ನ ಕೈ ಹಿಡಿದು ನಾಡಿ ನೋಡಿದಳು. ಆಮೇಲೆ, “ಅವಳ್ದು ಏನೋ ಮಾತು ನಿನ್ನತ್ರ ಉಳ್ಕೊಂಡಿದೆಯಲ್ಲಮ್ಮ” ಅಂದಳು. ಅತ್ತೆ ನನ್ನ ಮುಖ ನೋಡಿದರು. ನಾನು ಇಲ್ಲ ಅಂದೆ.

ಎಲ್ಲರಿಗೂ ಹಾಗೇ ಹೇಳುತ್ತಾಳೋ ಏನೋ. ಆದರೂ ಇಲ್ಲಿ ಬರೆಯುತ್ತೇನೆ. ಈ ಪುಸ್ತಕ ಹಿಂದಿನಿಂದ ಓದುವವರು ಯಾರಿದ್ದಾರೆ?

ಆಗ ನನಗೆ ಹತ್ತೊಂಬತ್ತು. ಅಕ್ಕನಿಗೆ ಕೈಲಾಗುತ್ತಿಲ್ಲ ಅಂತ ಹುಳುಮನೆ ಕೆಲಸಕ್ಕೆ ಬಂದಿದ್ದೆ. ಅವಳಿಗೂ ಬಲಪಕ್ಕೆ ನೋವು, ಕಣ್ಣು ಹಳದಿ. ಕೋಲಾರದಲ್ಲಿ ಒಬ್ಬ ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ಚಳಿಜ್ವರ ಬಂದರೆ ಅವತ್ತೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂತ ಇತ್ತು. ಜ್ವರ ಬಂದಾಗ ಓದಿ ಅವಳಿಗೆ ಹೇಳಿದೆ. ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕು ದಿನ ಇತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು, “ಹುಳು ಹಣ್ಣಾಗ್ಲಿ ಕಣೇ, ಆಮೇಲೆ ಹೇಳು” ಅಂದಳು. ನಾನು ಹೂಂ ಅಂದೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಹಣ್ಣಾದ ಹುಳುಗಳನ್ನು ಅಕ್ಕ ತಾನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಹಾಕಿದಳು. ಐದನೇ ದಿನ ಇರಲಿಲ್ಲ. ಆ ಚೀಟಿಯನ್ನು ಒಲೆಗೆ ಹಾಕಿದವಳು ನಾನೇ.

ಗೂಡು ಚೆನ್ನಾಗಿ ಬಂದಿತ್ತು ಆ ಸಲ.

ಜೂನ್ 19, ಗುರುವಾರ

ಚಂದನ ಕಾಲೇಜಿಗೆ ಹೋಗದೆ ಕೂತು ಆಯುಷ್ಮಾನ್ ಪಟ್ಟಿಯಲ್ಲಿದ್ದ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದಳು. ಹದಿನಾಲ್ಕನೆಯದು ಮಾಲೂರಿನ ಒಂದು ಆಸ್ಪತ್ರೆ. ಅಲ್ಲಿ ಕಾರ್ಡಿನ ಕೆಲಸ ನೋಡುವ ಆರೋಗ್ಯ ಮಿತ್ರ ಅನಿತ ಅಂತ. “ಡಾಕ್ಟ್ರೂ ಇದಾರೆ, ಕಾರ್ಡೂ ಆಗತ್ತೆ. ಸರ್ಕಾರಿ ಚೀಟಿ ಮರೀದೆ ತನ್ನಿ” ಅಂದರಂತೆ. ಚಂದನ ಫೋನಿಟ್ಟು ಸುಮ್ಮನೆ ಗೋಡೆಗೆ ಒರಗಿಕೊಂಡಳು. ಕಣ್ಣಲ್ಲಿ ನೀರಿತ್ತು. ಮೂಗು ಥೇಟ್ ಅಕ್ಕನದೇ.

ನನ್ನನ್ನು ಚಿಕ್ಕಿ ಅನ್ನುತ್ತಾಳೆ. ಅಮ್ಮ ಅನ್ನು ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿದೆ?

ಸಂಜೆ ಅನಿತ ವಾಪಸ್ ಫೋನ್ ಮಾಡಿ ಮುನಿಲಕ್ಷ್ಮಮ್ಮನವರಾ ಅಂದರು. ಹೌದು, ನಾನೇ ಅಂದೆ.

ಜೂನ್ 23, ಸೋಮವಾರ

ಚಂದನಳಿಗೆ ಪರೀಕ್ಷೆ, ಭಾವನಿಗೆ ಹುಳು. ನಾಲ್ಕನೇ ಜ್ವರ ಎದ್ದು ಸೊಪ್ಪು ಸಾಕಾಗುತ್ತಿಲ್ಲ. ಅತ್ತೆಯ ಜೊತೆ ಮಾಲೂರಿಗೆ ಹೋದೆ.

ಅನಿತ ಒಳ್ಳೆಯ ಹೆಂಗಸು. ಮಷೀನಿನ ಮೇಲೆ ಬೆರಳಿಟ್ಟೆ, ಹಸಿರು ದೀಪ ಬಂತು. “ಎಲ್ಲಾ ಸರಿಯಾಗಿದೆ ಮುನಿಲಕ್ಷ್ಮಮ್ಮ” ಅಂದರು. ಡಾಕ್ಟರ ಹೆಸರು ಅರುಣ್‌ಕುಮಾರ್. ಇಪ್ಪತ್ತು ದಿನ ಊರೂರು ಅಲೆದು ಹುಡುಕಿದ ಮನುಷ್ಯ ಇಷ್ಟು ಸಣ್ಣಗೆ, ತಲೆ ಬಾಚದೆ ಇರುತ್ತಾನೆ ಅಂದುಕೊಂಡಿರಲಿಲ್ಲ.

“ನಿಮ್ ಮನೇಲಿ ಯಾರಿಗಾದ್ರೂ ಹಿಂಗಾಗಿತ್ತಾ?” ಅಂತ ಕೇಳಿದರು. ಅಕ್ಕನಿಗೆ ಅಂದೆ.

“ಇದಾರಾ?”

“ಇಲ್ಲ ಸರ್. ಇಪ್ಪತ್ನಾಲ್ಕಕ್ಕೇ ಹೋದ್ಲು.”

“ಇದು ರಕ್ತದಲ್ಲಿ ಬರೋದುಂಟು. ಹೆಸರೇನು ಅವ್ರದು?”

ಮುನಿಲಕ್ಷ್ಮಿ ಅಂತ ನನ್ನನ್ನೇ ಎದುರಿಗೆ ಕೂರಿಸಿಕೊಂಡಿದ್ದಾರೆ. ಆಶಾರಾಣಿ ಅಂದೆ. ಅವರು ಬರೆದುಕೊಂಡರು. ತಲೆಕೆಳಗಾಗಿ ಓದಿದೆ. ಅಕ್ಕ, ಆಶಾರಾಣಿ, ಮೃತ.

ಮೊದಲಿನ ಸ್ಕ್ಯಾನ್ ಸಾಲದು ಅಂತ ಎಂಆರ್‌ಐ ಸ್ಕ್ಯಾನಿಗೆ ಕಳಿಸಿದರು. ದೊಡ್ಡ ಗವಿಯಂಥ ಮಷೀನು, ಒಳಗೆ ಹೋಗುವವರ ಮೈಮೇಲೆ ಗುಂಡುಪಿನ್ನೂ ಇರಬಾರದು. ನರ್ಸು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಇಟ್ಟುಕೊಂಡಿದ್ದಳು. ತಾಳಿ ತೆಗೆಯುವ ಮುತ್ತೈದೆಯರಿಗೆ ಅಂತ. ನನ್ನ ತಾಳಿ ತೆಗೆದು ಅದನ್ನು ಕಟ್ಟಿಕೊಂಡೆ. ಬಳೆ, ಓಲೆ, ಕಾಲುಂಗುರ ಎಲ್ಲ ಬಿಚ್ಚಿದೆ. ಸವತಿ ತಾಳಿಗೆ ಕೈ ಹಾಕಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ವದ್ದಮ್ಮಾ, ತೀಯೊದ್ದು” ಅಂದರು. ಅವರಿಗೆ ಹೆದರಿಕೆಯಾದರೆ ತೆಲುಗು ಬರುತ್ತದೆ. ತೆಗೆಯಬೇಡ, ತೆಗೆದರೆ ಅವಳು ಈಚೆಗೆ ಬರುತ್ತಾಳೆ ಅಂದರು.

ಅತ್ತೆಯ ಕೈ ಬಿಡಿಸಿಕೊಳ್ಳಬಹುದಿತ್ತು. ಎಪ್ಪತ್ತೆರಡು ವರ್ಷದ ಕೈ. ಆದರೆ ನನ್ನ ಬೆರಳೇ ಗಂಟು ಬಿಚ್ಚಲಿಲ್ಲ. ನನ್ನದು ತೆಗೆಯುವುದಕ್ಕೆ ಬಂತು, ಅವಳದು ತೆಗೆಯುವುದಕ್ಕೆ ಬರಲಿಲ್ಲ.

ಸ್ಕ್ಯಾನ್ ಆಗಲಿಲ್ಲ. ಡಾಕ್ಟರು ಬೈಯಲಿಲ್ಲ, ಅದೇ ಕಷ್ಟವಾಯಿತು. “ಕಲ್ಲು ಎಲ್ಲಿದೆ ಅಂತ ನೋಡ್ದೆ ನಾನು ಹೆಂಗಮ್ಮ ಕೈ ಹಾಕ್ಲಿ? ಮನೇಲಿ ಮಾತಾಡ್ಕೊಂಡು ಈ ವಾರದಲ್ಲೇ ಬನ್ನಿ” ಅಂತ ಚೀಟಿ ಬರೆದುಕೊಟ್ಟರು. ವಕ್ಕಲೇರಿ ದಾಟುವಾಗ ಬಸ್ಸಿನಲ್ಲಿ ಓದಿಕೊಂಡೆ. ಚೀಟಿ ಓದುವುದು ನನಗೆ ಹೊಸದಲ್ಲ.

ಸ್ಕ್ಯಾನ್ ಹೇಗಾಯಿತು ಅಂತ ಭಾವ ಕೇಳಿದರು. ಆಯಿತು, ಮುಂದಿನ ವಾರ ಕರೆದಿದ್ದಾರೆ ಅಂದೆ. ಅತ್ತೆ ತಲೆ ಬಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಜೂನ್ 26, ಗುರುವಾರ

ಬೆಳಿಗ್ಗೆ ಹಿಪ್ಪುನೇರಳೆ ತೋಟದಲ್ಲಿ ಚಳಿ ಹತ್ತಿತು. ಹಲ್ಲು ಕಟಕಟ ಅನ್ನುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಹೊರೆ ಹೊತ್ತುಕೊಂಡು ಬಂದು ಸೊಪ್ಪು ಹಾಕಿ ಮಲಗಿದೆ. ಹುಳುಗಳು ತಿನ್ನುವ ಸದ್ದು ಇಲ್ಲಿಗೂ ಕೇಳುತ್ತದೆ, ತಗಡಿನ ಮೇಲೆ ಸಣ್ಣ ಮಳೆಯ ಹಾಗೆ. ಅಕ್ಕಾ, ನಿನಗೂ ಹೀಗೇ ಚಳಿ ಆಗಿತ್ತಾ? ನಿನ್ನ ಮೇಲೆ ಮೂರು ಕಂಬಳಿ ಹಾಕಿದ್ದೆ. ಸಾಲದು ಅನ್ನುತ್ತಿದ್ದೆ ನೀನು. ನಾನೀಗ ನಿನ್ನ ಮಂಚದಲ್ಲೇ ಮಲಗಿದ್ದೇನೆ, ಬೇರೆ ಮಂಚ ಇಲ್ಲ ಈ ಮನೆಯಲ್ಲಿ.

ಮಧ್ಯಾಹ್ನ ಚಂದನ ಪರೀಕ್ಷೆ ಮುಗಿಸಿ ಬಂದಳು. ಹಣೆ ಮುಟ್ಟಿ ನೋಡಿದಳು, ಕವರಿನಿಂದ ಚೀಟಿ ತೆಗೆದು ಓದಿದಳು. “ಚಿಕ್ಕಿ, ಚಳಿಜ್ವರ ಬಂದ್ರೆ ಅವತ್ತೇ ಕರ್ಕೊಂಡ್ ಬನ್ನಿ ಅಂತ ಬರ್ದಿದಾರೆ. ಸ್ಕ್ಯಾನೂ ಮಾಡ್ಸಿಲ್ಲ ನೀನು.”

ಅವಳ ಕೈ ಹಿಡಿದುಕೊಂಡೆ. ಇನ್ನು ಎರಡೇ ದಿನ. ಈಗ ಇವರು ನನ್ನ ಹಿಂದೆ ಬಂದರೆ ಅಷ್ಟೂ ಹುಳು ತಟ್ಟೆಯಲ್ಲೇ ಸಾಯುತ್ತವೆ. “ಹುಳು ಹಣ್ಣಾಗ್ಲಿ ಕಣೇ, ಆಮೇಲೆ ಹೇಳು” ಅಂದೆ.

ಅವಳು ಹೂಂ ಅನ್ನಲಿಲ್ಲ. ಕೈ ಬಿಡಿಸಿಕೊಂಡು ಹೊರಗೆ ಹೋದಳು. ಹುಳುಮನೆಯ ಕಡೆಯಿಂದ ಅವಳ ಗಂಟಲು ಕೇಳುತ್ತಿದೆ. ಅಪ್ಪನ ಮೇಲೆ ಇಷ್ಟು ಗಟ್ಟಿಯಾಗಿ ಯಾವತ್ತೂ ಕೂಗಿದವಳಲ್ಲ. ಹುಳು ಬೆದರುತ್ತವೆ ಅನ್ನುವ ಜ್ಞಾನವೂ ಇಲ್ಲ ಹುಡುಗಿಗೆ. ಭಾವ ಬರಿಗಾಲಲ್ಲಿ ಓಡಿ ಬರುತ್ತಿದ್ದಾರೆ.

ಜೂನ್ 27, ಶುಕ್ರವಾರ

ಮಾಲೂರು ಆಸ್ಪತ್ರೆ. ನೋವು ಬರೆದ ಪುಸ್ತಕ ಡಾಕ್ಟರಿಗೆ ಬೇಕಾದೀತು ಅಂತ ಚಂದನ ಇದನ್ನೂ ಹಾಕಿಕೊಂಡು ಬಂದಿದ್ದಾಳೆ. ಒಳಗೆ ಓದಿಲ್ಲ, ಬೇರೆಯವರದು ಓದುವವಳಲ್ಲ. ಕೈಗೆ ಸೂಜಿ ಚುಚ್ಚಿದ್ದಾರೆ, ಅಕ್ಷರ ಸೊಟ್ಟ.

ಸವತಿ ತಾಳಿ ಚಂದನಳ ಕೈಯಲ್ಲೇ ತೆಗೆಸಿದೆ. ಅತ್ತೆ ಬಂದಿಲ್ಲ. ಗಂಟು ಎಣ್ಣೆ ಹಿಡಿದು ಗಟ್ಟಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಯಾರೂ ಈಚೆಗೆ ಬರಲಿಲ್ಲ. ಸ್ಕ್ಯಾನ್ ಆಯಿತು. ನಾಳದಲ್ಲಿ ಕೀವು ತುಂಬಿದೆ, ಈಗಲೇ ತೆಗೆಯುತ್ತಾರಂತೆ.

ಜೀವಕ್ಕೆ ಅಪಾಯ ಆದರೆ ಒಪ್ಪಿಗೆ ಇದೆ ಅಂತ ಒಂದು ಕಾಗದ ತಂದರು. ಮುನಿಲಕ್ಷ್ಮಿ ಅಂತ ಸಹಿ ಹಾಕಿದೆ. ಆಮೇಲೆ ಹೊಳೆಯಿತು. ಆಪರೇಷನ್ ಮೇಜಿನ ಮೇಲೆ ನನ್ನ ಜೀವ ಹೋದರೆ ಸರ್ಕಾರದ ಲೆಕ್ಕದಲ್ಲಿ ಸಾಯುವವಳು ಅಕ್ಕ. ಅವಳಿಗೆ ಕೊನೆಗೂ ಒಂದು ಸಾವು ಸಿಗುತ್ತದೆ. ಆಶಾರಾಣಿ ಡಾಕ್ಟರ ಕಾಗದದಲ್ಲಿ ಆಗಲೇ ಸತ್ತಿದ್ದಾಳೆ, ಇಪ್ಪತ್ತನಾಲ್ಕಕ್ಕೆ. ನನಗೆ ಅಂತ ಸಾಯಲು ಒಂದು ಹೆಸರೂ ಉಳಿದಿಲ್ಲ.

ಹೆದರಿಕೆಯಾಯಿತು. ಚಂದನಳನ್ನು ಹತ್ತಿರ ಕರೆದು ಎಲ್ಲ ಹೇಳಿಬಿಟ್ಟೆ. ಚೀಟಿ, ನಾಲ್ಕು ದಿನ, ಒಲೆ. ಅವಳು ಕೇಳಿದಳು. ಸವತಿ ತಾಳಿಯನ್ನು ವೇಲಿನ ತುದಿಗೆ ಗಂಟು ಹಾಕಿಕೊಂಡು ಎದ್ದು ಹೊರಗೆ ಹೋದಳು. ಇನ್ನೂ ಬಂದಿಲ್ಲ.

ಕರೆಯುತ್ತಿದ್ದಾರೆ.

ಜೂನ್ 30, ಸೋಮವಾರ

ಬದುಕಿದ್ದೇನೆ. ಕಲ್ಲು ತೆಗೆದರು. ನಾಳಕ್ಕೆ ಸ್ಟೆಂಟ್ ಅಂತ ಒಂದು ಸಣ್ಣ ಕೊಳವೆ ಇಟ್ಟಿದ್ದಾರೆ, ಎರಡು ತಿಂಗಳ ಮೇಲೆ ಬಂದು ತೆಗೆಸಬೇಕು. ಇನ್ನೆರಡು ದಿನ ತಡವಾಗಿದ್ದರೆ ತಾವೂ ಏನೂ ಮಾಡುವ ಹಾಗಿರಲಿಲ್ಲ ಅಂದರು ಡಾಕ್ಟರು. ಎರಡು ದಿನ ಅಂತಲೇ ಅಂದರು.

ಹುಳುಗಳನ್ನು ನೋಡಿಕೊಳ್ಳಲು ಭಾವ ಪಕ್ಕದ ಮನೆಯ ಮುನಿಯಲ್ಲಪ್ಪನಿಗೆ ಬಿಟ್ಟು ಬಂದಿದ್ದರು. ಅರ್ಧಕ್ಕರ್ಧ ಹೋದವಂತೆ. “ಹೋಗ್ಲಿ ಬಿಡು” ಅಂದರು. ಅಷ್ಟು ಸುಲಭದ ಮಾತು. ಅವತ್ತು ಅಕ್ಕನಿಗೆ ಕೇಳಿಸಬೇಕಿತ್ತು ಇದು.

ಚಂದನ ಮೂರು ದಿನ ನನ್ನ ಮೈ ಒರೆಸಿದಳು, ಗಂಜಿ ಕುಡಿಸಿದಳು, ಮಾತಾಡಲಿಲ್ಲ. ಇವತ್ತು ಸಾಮಾನು ಕಟ್ಟುವಾಗ ಬೆನ್ನು ತಿರುಗಿಸಿಕೊಂಡೇ ಕೇಳಿದಳು. “ಅವತ್ತು ನಿಂಗೆಷ್ಟು ವಯಸ್ಸು ಚಿಕ್ಕಿ?”

“ಹತ್ತೊಂಬತ್ತು.”

“ನಂಗೂ ಹತ್ತೊಂಬತ್ತೇ. ನಾನ್ ಹೇಳ್ದೆ.”

ಅವಳು ಚೀಲದ ಜಿಪ್ ಎಳೆದಳು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು.

ಜುಲೈ 20, ಭಾನುವಾರ

ನೋವಿಲ್ಲ. ತುರಿಕೆ ಇಲ್ಲ. ಎರಡು ಮುದ್ದೆ ತಿಂದೆ. ಕೈ ಆಗಾಗ ಕೊರಳಿಗೆ ಹೋಗಿ ಹುಡುಕುತ್ತದೆ.

ಸವತಿ ತಾಳಿ ಕೊಡು, ಚಿಕ್ಕಿಗೆ ಕಟ್ಟಬೇಕು ಅಂತ ಅತ್ತೆ ಚಂದನಳ ಹಿಂದೆ ಬಿದ್ದಿದ್ದರು. “ಅದು ನಮ್ಮಮ್ಮ, ಅಜ್ಜಿ. ನನ್ನತ್ರ ಇರ್ಲಿ” ಅಂದಳು. ಕಪ್ಪು ದಾರಕ್ಕೆ ಪೋಣಿಸಿ ಹಾಕಿಕೊಂಡಿದ್ದಾಳೆ.

ಮಧ್ಯಾಹ್ನ ಊಟ ಆದ ಮೇಲೆ ಒಂದು ಅರ್ಜಿ ತಂದು ನನ್ನ ಮುಂದಿಟ್ಟಳು. ಮರಣ ನೋಂದಣಿಯದು. ಹದಿನೇಳು ವರ್ಷ ತಡವಾದ್ದಕ್ಕೆ ಸಾಹೇಬರ ಆರ್ಡರ್ ಬೇಕಂತೆ, ಓಡಾಡುತ್ತೇನೆ ಅಂದಳು. ಅರ್ಧ ತಾನೇ ತುಂಬಿದ್ದಳು. ಮೃತರ ಹೆಸರು ಮುನಿಲಕ್ಷ್ಮಿ. ವಯಸ್ಸು 24. ಸ್ಥಳ ಮನೆ.

ಇದು ಹೋಗಿ ಸೇರಿದರೆ ಆ ಹೆಸರಿನ ಆಧಾರ್ ಏನಾಗುತ್ತದೋ, ಕಾರ್ಡ್ ಏನಾಗುತ್ತದೋ ಯಾರಿಗೆ ಗೊತ್ತು. ಹೊಟ್ಟೆಯಲ್ಲಿ ಸ್ಟೆಂಟ್ ಇನ್ನೂ ಇದೆ. ಅದನ್ನು ತೆಗೆಸಿಬಿಡಲಿ, ಆಮೇಲೆ ಕೊಡೋಣ ಅಂತ ಬಾಯಿಗೆ ಬಂತು. ನುಂಗಿಕೊಂಡೆ.

“ದಿನ ಯಾವ್ದು ಚಿಕ್ಕಿ?” ಅಂದಳು. ಹೇಳಿದೆ. ಎಷ್ಟು ಹೊತ್ತಿಗೆ ಅಂದಳು. ಬೆಳಿಗ್ಗೆ, ಹುಳುಮನೆಗೆ ಬಿಸಿಲು ಬೀಳುವ ಹೊತ್ತು ಅಂದೆ. ಬರೆದುಕೊಂಡಳು.

ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಳು. ಮಾಹಿತಿ ಕೊಡುವವರ ಹೆಸರು ಮತ್ತು ಸಂಬಂಧ ಅಂತ ಅಚ್ಚಾಗಿತ್ತು. ಪೆನ್ನನ್ನು ನನ್ನ ಕಡೆ ತಳ್ಳಿ ಎದುರಿಗೆ ಕೂತಳು.

ಹದಿನೇಳು ವರ್ಷದಿಂದ ಯಾವ ಸರ್ಕಾರಿ ಕಾಗದದಲ್ಲೂ ನನ್ನ ಹೆಸರು ಬರೆದಿರಲಿಲ್ಲ. ಆಶಾರಾಣಿ, ತಂಗಿ ಅಂತ ಬರೆದೆ.